ನಿಂತ ಗುದ್ದು

ನಮ್ಮೂರಿಗೆ ಹೊಸಬರು ಬಂದರೆ ನಾವು ಮೊದಲು ಹೇಳುವುದು ಊಟ ಆಯಿತಾ ಅಂತಲ್ಲ, ಕಟ್ಟೆಯ ಮೇಲೆ ನೆಟ್ಟಗೆ ನಡೀಬೇಡಿ ಅಂತ. ಕಟ್ಟೆ ಅಂದರೆ ಗುದ್ದಾಟದ ಕಟ್ಟೆ. ನಾಲ್ಕು ಕಂಬ, ಮೂರು ಸಾಲು ಹಗ್ಗ, ಕೆಳಗೆ ಹಲಗೆ. ಬೇರೆ ಊರುಗಳಲ್ಲಿ ಅದಕ್ಕೆ ಬಾಕ್ಸಿಂಗ್ ರಿಂಗ್ ಅನ್ನುತ್ತಾರಂತೆ, ಅಲ್ಲೆಲ್ಲ ಗುದ್ದು ಹೊಡೆದ ಕೂಡಲೇ ಮುಗಿದುಹೋಗುತ್ತದಂತೆ. ನಮ್ಮಲ್ಲಿ ಹಾಗಲ್ಲ. ಎದುರಾಳಿಯನ್ನು ಮಲಗಿಸಿದ ಗುದ್ದು ಹೊಡೆದ ಜಾಗದಲ್ಲೇ ಗಾಳಿಯಲ್ಲಿ ನಿಲ್ಲುತ್ತದೆ. ಸಾಧಾರಣದ್ದು ಎಂಟು ದಿನಕ್ಕೋ ಹದಿನೈದು ದಿನಕ್ಕೋ ಆರುತ್ತದೆ. ಗಟ್ಟಿ ಆಳಿನದಾದರೆ ಒಂದು ವರ್ಷ. ಅಷ್ಟರೊಳಗೆ ಹಲ್ಲುನೋವಿನವರು ಬಂದು ದವಡೆ ಕೊಟ್ಟು ಹಲ್ಲು ಉದುರಿಸಿಕೊಂಡು ಹೋಗುತ್ತಾರೆ, ಹೆಂಗಸರು ಕಾಯಿ ಹಿಡಿದು ಒಡೆಸಿಕೊಂಡು ಹೋಗುತ್ತಾರೆ. ಡಾಕ್ಟರಿಗಿಂತ ವಾಸಿ, ಸರದಿ ಕಾಯಬೇಕಾಗಿಲ್ಲ.

ಆರದೆ ಉಳಿದದ್ದು ಎರಡೇ ಗುದ್ದು. ಪಡುವಣ ಕಂಬದ ಹತ್ತಿರ ಜಟಂಗಪ್ಪನ ಎಡಗೈಯದು, ಮೂಡಣ ಕಂಬದ ಹತ್ತಿರ ನಮ್ಮಪ್ಪ ಓಬಳೇಶಿಯ ಬಲಗೈಯದು. ನಾನು ಬೋರಕ್ಕ. ಗುದ್ದು ನಿಂತವನ ಮನೆಯವರೇ ಆ ಮಗ್ಗುಲನ್ನು ಗುಡಿಸಬೇಕು ಅನ್ನುವುದು ನಮ್ಮ ಪದ್ಧತಿ. ಇಪ್ಪತ್ತೆರಡು ವರ್ಷದಿಂದ ದಿನಾ ಬೆಳಿಗ್ಗೆ ಗುಡಿಸುತ್ತಿದ್ದೇನೆ. ಮೂಡಣ ಕಂಬ ಇನ್ನೆರಡು ಹೆಜ್ಜೆ ಇದೆ ಅನ್ನುವಾಗ ನನ್ನ ನಡು ತಾನಾಗಿ ಬಗ್ಗುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ಕಂಬ ಕಂಡು ಬಗ್ಗಿ ನಗೆಪಾಟಲಾದದ್ದೂ ಉಂಟು.

ಜಟಂಗಪ್ಪ ಸತ್ತ ಮಾರನೆಯ ವರ್ಷ ನಮ್ಮಪ್ಪ ಹುಟ್ಟಿದ. ಒಬ್ಬರ ಮುಖ ಒಬ್ಬರು ಕಂಡವರಲ್ಲ. ಆದರೇನು, ನಲವತ್ತು ವರ್ಷದಿಂದ ಊರಿಗೆ ಊರೇ ಇಬ್ಬರನ್ನೂ ಜಗಳಕ್ಕೆ ನಿಲ್ಲಿಸಿದೆ. ಪಡುವಲ ಬೀದಿಯವರು ಜಟಂಗಪ್ಪನ ಕಡೆ, ಮೂಡಲ ಬೀದಿಯವರು ಅಪ್ಪನ ಕಡೆ. ಜಟಂಗಪ್ಪ ಬರಿಗೈಗೆ ಹತ್ತಿಬಟ್ಟೆ ಸುತ್ತಿಕೊಂಡು, ಹಾಲು ಕರೆಯುವ ಹೊತ್ತಿಗೆ ನಿಂತರೆ ದನ ಮನೆಗೆ ಬರುವ ಹೊತ್ತಿನವರೆಗೆ ಗುದ್ದಾಡುತ್ತಿದ್ದ, ನಿಮ್ಮ ಓಬಳೇಶಿ ಗವಸು ಹಾಕ್ಕೊಂಡು ಮೂರು ಮೂರು ನಿಮಿಷಕ್ಕೆ ಗಂಟೆ ಹೊಡೆಸಿಕೊಂಡು ನೀರು ಕುಡಿದವನು, ಅದು ಗುದ್ದೋ ದಿಂಬಿನ ಏಟೋ ಎಂದು ಅವರು. ನಿಮ್ಮ ಜಟಂಗಪ್ಪನ ಎದುರಿಗೆ ನಿಂತವರು ಯಾರು, ಕಲ್ಲು ಒಡೆದು ಸುಸ್ತಾಗಿ ಬಂದವರು. ನಮ್ಮವನು ಮಲಗಿಸಿದ್ದು ಮಿಲಿಟರಿಯಲ್ಲಿ ಕಲಿತ ಸುಬೇದಾರನನ್ನು, ಆರು ವರ್ಷ ನೆಲ ಕಾಣದವನನ್ನು, ಗವಸು ಹಾಕಿಯೂ ಗುದ್ದು ನಿಂತಿತಲ್ಲಾ, ಬರಿಗೈಲಿ ಹೊಡೆದಿದ್ದರೆ ನೀವು ಇರುತ್ತಿದ್ದಿರಾ ಎಂದು ನಾವು. ಜಟಂಗಪ್ಪ ಮೂರು ಸಲ ಸೋತವನು ಅಂದರೆ, ಸೋತು ಎದ್ದವನು ಕಣ್ರೋ, ನಿಮ್ಮವನಿಗೆ ಏಳೋದೇ ಗೊತ್ತಿಲ್ಲ ಅನ್ನುತ್ತಾರೆ. ಅದೂ ನಿಜವೇ. ನಲವತ್ತೊಂದು ಗುದ್ದಾಟದಲ್ಲಿ ನಮ್ಮಪ್ಪ ಒಂದನ್ನೂ ಸೋತಿರಲಿಲ್ಲ.

ಈ ವರ್ಷ ಜಗಳ ಮಿತಿಮೀರಿತು. ಪಡುವಲ ಬೀದಿಯ ಗಂಡಿಗೂ ಮೂಡಲ ಬೀದಿಯ ಹೆಣ್ಣಿಗೂ ನಿಶ್ಚಿತಾರ್ಥ ಇತ್ತು. ಎಲೆ ಮುಂದೆ ಕೂತ ಯಾರೋ ಹಿರಿಯ 'ಗವಸಿನ ಗಂಡಸು' ಅಂತ ಒಂದು ಮಾತು ಬಿಟ್ಟ. ಪಾಯಸದ ಬಕೆಟ್ಟು ಹಾರಿತು, ಮದುವೆ ಮುರಿಯಿತು. ಕಟ್ಟೆಯ ಯಜಮಾನ ತಿಪ್ಪೇಸ್ವಾಮಿ ಹಣೆ ಚಚ್ಚಿಕೊಂಡು ಎರಡೂ ಬೀದಿಯವರನ್ನು ಕೂರಿಸಿದರು.

"ಬಾಯಲ್ಲಿ ಎಷ್ಟು ದಿನ ಹೊಡೆದಾಡ್ತೀರ್ರಪ್ಪಾ? ಇಬ್ರ ಗುದ್ದೂ ಕಟ್ಟೆ ಮೇಲೆ ನಿಂತೈತೆ. ಒಬ್ನೇ ಆಳು ಎರಡರ ಮುಂದೂ ನಿಲ್ಲಲಿ. ಯಾವುದು ಅವನನ್ನ ದೂರ ಒಗೀತೈತೋ ಅದರ ಧಣಿ ದೊಡ್ಡೋನು. ಬರೋ ಸೋಮವಾರ ಬಿಟ್ಟು ಆಚೆ ಸೋಮವಾರ, ಬೆಳಿಗ್ಗೆ ಹತ್ತು ಗಂಟೆ. ಆಮೇಲೆ ಯಾವನಾದ್ರೂ ಉಸಿರೆತ್ತಿದ್ರೆ ನೋಡ್ಕಳ್ಳಿ ಮತ್ತೆ" ಅಂದರು.

ಆಳು ಯಾರು ಅಂದರೆ ಹಮಾಲಿ ಇಮಾಮ್‌ಸಾಬ್. ಎರಡು ಮೂಟೆ ಒಟ್ಟಿಗೆ ಹೊರುವವನು, ಯಾವ ಬೀದಿಗೂ ಸೇರದೆ ಸಂತೆ ಮಾಳದ ಹತ್ತಿರ ಇರುವವನು. ಎರಡೂ ಕಡೆಯವರು ಒಪ್ಪಿದರು.

ಮಾರನೆ ಬೆಳಿಗ್ಗೆ ಪೊರಕೆ ಹಿಡಿದು ಕಟ್ಟೆ ಹತ್ತಿದೆ. ಯಜಮಾನರನ್ನು ಮನಸ್ಸಿನಲ್ಲೇ ಬೈಯುತ್ತ ಗುಡಿಸುತ್ತಿದ್ದೆ. ಇವರಿಗೆ ಬೇರೆ ಕೆಲಸ ಇಲ್ಲ, ಮುದುಕ ಅಪ್ಪನ ಎದೆಯ ಮೇಲೆ ಯಾಕೆ ಪಂದ್ಯ ಕಟ್ಟಬೇಕು, ಹೀಗೇ ಏನೇನೋ. ಕೈಗೆ ಕಂಬ ಸಿಕ್ಕಿತು. ಕಂಬ ಕೈಗೆ ಸಿಗಬೇಕಾದರೆ ನಾನು ಬಗ್ಗಿ ಎದ್ದಿರಬೇಕು. ನಾನು ಬಗ್ಗಿರಲಿಲ್ಲ.

ಪೊರಕೆ ಬಿಟ್ಟು ಹಿಂದಕ್ಕೆ ನಾಲ್ಕು ಹೆಜ್ಜೆ ಹೋದೆ. ಹಲ್ಲು ಕಚ್ಚಿ, ಕಣ್ಣು ಮುಚ್ಚಿ, ನೆಟ್ಟಗೆ ನಡೆದು ಬಂದೆ. ಏನೂ ಇಲ್ಲ. ಇನ್ನೊಂದು ಸಲ, ತುದಿಗಾಲಲ್ಲಿ. ಏನೂ ಇಲ್ಲ. ಮೂರನೆಯ ಸಲ ಎಡಗೆನ್ನೆ ಒಡ್ಡಿಕೊಂಡು ಆ ಜಾಗದಲ್ಲೇ ನಿಂತೆ. ಸಣ್ಣಗೆ ತಣ್ಣನೆ ಗಾಳಿ ತಾಕಿದ ಹಾಗಾಯಿತು, ಅದೂ ನನ್ನ ಭ್ರಮೆಯೋ ಏನೋ. ಅಪ್ಪನ ಗುದ್ದು ಆರಿತ್ತು.

ಪಟ ಕಟ್ಟುವಷ್ಟು ವರ್ಷ ನಿಂತ ಗುದ್ದು ಆರಿದರೆ ನಮ್ಮೂರಲ್ಲಿ ಸುಮ್ಮನೆ ಬಿಡುವುದಿಲ್ಲ. ಆಳಿನ ಪಟವನ್ನು ಕಟ್ಟೆಯಿಂದ ಇಳಿಸಿ, ತಮಟೆ ಬಡಿಯುತ್ತ ಮನೆಗೆ ತಂದು, ಹೊಸಿಲ ಮುಂದೆ ನಿಂತು 'ಆರಿತು' ಅಂತ ಮೂರು ಸಲ ಕೂಗಿ ಕೊಟ್ಟು ಹೋಗುತ್ತಾರೆ. ಸತ್ತವರ ಮನೆಯಾದರೆ ಹೆಂಗಸರು ಅತ್ತು ಪಟ ಒಳಗಿಡುತ್ತಾರೆ. ಬದುಕಿರುವವನ ಮನೆಗೆ ಹಾಗೆ ಬಂದದ್ದು ನಾನು ಕಂಡಿರಲಿಲ್ಲ. ಅಪ್ಪನಿಗೆ ಎಪ್ಪತ್ತೆಂಟು. ಕೈ ನಡುಗುತ್ತದೆ, ರೊಟ್ಟಿ ನಾನೇ ಮುರಿದು ಹಾಲಿಗೆ ಹಾಕಬೇಕು. ಅವ್ವ ಸತ್ತದ್ದು ಮರೆತು, ಎಲ್ಲಿ ಹೋದಳು ಅಂತ ಕೇಳುತ್ತಾನೆ. ನನ್ನನ್ನೇ ಒಮ್ಮೊಮ್ಮೆ ಅವನ ತಂಗಿಯ ಹೆಸರಿನಿಂದ ಕರೆಯುತ್ತಾನೆ. ಎಲ್ಲ ಹೋದ ಮೇಲೂ ಹೋಗದೆ ಉಳಿದದ್ದು ಒಂದೇ: ಮೂಡಣ ಕಂಬದ ಹತ್ತಿರ ನನ್ನದೊಂದು ಗುದ್ದು ನಿಂತಿದೆ ಅನ್ನುವುದು. ಅದನ್ನೂ ಕಿತ್ತುಕೊಂಡು ಬಾಗಿಲಲ್ಲಿ ಮೂರು ಸಲ ಕೂಗಿದರೆ ಆ ಜೀವ ತಡೆಯುತ್ತದಾ?

ಸಂಜೆ ಜಗಲಿಯಲ್ಲಿ ಕೂತವನು ದಿನದಂತೆ ಕೇಳಿದ. "ಬೋರೀ, ಇವತ್ತು ಹೆಂಗೈತೆ?"

"ಐತಪ್ಪಾ. ಬಗ್ಗಿ ಬಂದೆ." ಎಡ ಮಗ್ಗುಲಿಗೆ ಬಾಗಿ ಹೇಳಿದೆ. ಅವನಿಗೆ ಬಲಗಿವಿ ಕೇಳುವುದಿಲ್ಲ. ಸುಬೇದಾರನ ಏಟಿಗೆ ಹೋದದ್ದು ಅಂತ ಊರು ಹೇಳುತ್ತದೆ. ಅಪ್ಪ ಹೌದು ಅನ್ನುವುದಿಲ್ಲ, ಅಲ್ಲ ಅಂತಲೂ ಅನ್ನುವುದಿಲ್ಲ.

"ಹುಷಾರವ್ವಾ. ಬಲಗೈ ಅದು" ಅಂದು ಮುಷ್ಟಿ ನೋಡಿಕೊಂಡ. ನಾನು ಒಳಗೆ ಹೋಗಿ ಒಲೆ ಮುಂದೆ ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ.

ತಪ್ಪು ಯಾರದು? ನನ್ನದೇ ಅನ್ನಿಸಿತು. ಜಟಂಗಪ್ಪನ ಗುದ್ದಿಗೆ ಸುತ್ತ ಹಗ್ಗ ಕಟ್ಟಿ, ಹೂವು ಹಾಕಿ, ಯಾರೂ ಮುಟ್ಟದ ಹಾಗೆ ಕಾದಿದ್ದಾರೆ. ಅಪ್ಪ ಮಾತ್ರ ಮೊದಲಿನಿಂದ ಒಂದೇ ಹಟ: "ನಂದಕ್ಕೆ ಹಗ್ಗ ಗಿಗ್ಗ ಕಟ್ಟಬ್ಯಾಡ್ರಿ. ಕಲಿಯೋರು ತಿನ್ನಲಿ." ಹಾಗಾಗಿ ಊರಲ್ಲಿ ಗವಸು ಹಾಕಿದವನೆಲ್ಲ ಮೊದಲ ಆಟಕ್ಕೆ ಮುಂಚೆ ಅಪ್ಪನ ಗುದ್ದು ಒಂದು ತಿಂದವನೇ. ತಿಂದು, ಕಿವಿ ಗುಂಯ್ ಅನ್ನಿಸಿಕೊಂಡು, ಗಲ್ಲ ಮುಚ್ಚಿಕೊಳ್ಳುವುದು ಕಲಿತು ಹೋದರು. ಅಷ್ಟು ಸಾಲದು ಅಂತ ನಾನೂ ಧಾರಾಳ ಮಾಡಿದೆ. ಅಕ್ಕಪಕ್ಕದವರ ಕಾಯಿ, ಗೌರಮ್ಮನ ಹಲ್ಲು, ಬೀಗರ ಬಾದಾಮಿ. ಈ ಯುಗಾದಿಗೆ ಹೋಳಿಗೆ ಮಾಡುತ್ತೇನೆ ಅಂತ ಹನ್ನೆರಡು ಕಾಯಿ ಒಡೆಸಿಕೊಂಡಿದ್ದೆ. ಹನ್ನೆರಡನೆಯದು ನೆಟ್ಟಗೆ ಎರಡು ಹೋಳಾಗಲಿಲ್ಲ, ಬಿರುಕು ಬಿಟ್ಟಿತು ಅಷ್ಟೆ. ಆಗಲೇ ತಿಳಿಯಬಾರದಿತ್ತಾ ಈ ಮುಂಡೇದಕ್ಕೆ? ತಿನ್ನುವ ಹೋಳಿಗೆಯ ಆಸೆಗೆ ಅಪ್ಪನ ಕೈಯನ್ನೇ ತಿಂದೆನೇನೋ ಅಂತ ನನ್ನನ್ನೇ ಬೈದುಕೊಂಡೆ.

ದಿನ ಹೋಗುತ್ತಾ ಹೋಗುತ್ತಾ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಪಾಡಾಯಿತು ನನ್ನದು. ಮೂಡಲ ಬೀದಿಯವರು ಸಿಕ್ಕಸಿಕ್ಕಲ್ಲಿ ನಿಲ್ಲಿಸಿ, "ಸೋಮವಾರ ನಮ್ದೇ ಅಲ್ವೇನೆ ಬೋರೀ?" ಅಂದು ಬೆನ್ನು ತಟ್ಟುವರು. ನಾನು ಹಲ್ಲು ಕಿರಿಯುವೆ. ಬಾಯಿಗೆ ಅನ್ನ ಸೇರಲಿಲ್ಲ. ಗುಡಿಸುವಾಗ ಯಾರಾದರೂ ನೋಡುತ್ತಿದ್ದಾರೇನೋ ಅಂತ ಮೊದಲಿಗಿಂತ ಹೆಚ್ಚೇ ಬಗ್ಗುವೆ. ಗುದ್ದು ಇಲ್ಲದ ಕಡೆ ಬಗ್ಗುವುದು ಎಷ್ಟು ಕಷ್ಟ ಅಂತ ಆಗ ತಿಳಿಯಿತು. ಹೆದರಿಕೆ ಇದ್ದಾಗ ಮೈ ತಾನೇ ಬಗ್ಗುತ್ತದೆ. ಈಗ ನೆನಪು ಮಾಡಿಕೊಂಡು ಬಗ್ಗಬೇಕು, ಒಂದು ಗಳಿಗೆ ತಡವಾಗುತ್ತದೆ.

ಶನಿವಾರ ಬೆಳಿಗ್ಗೆ ಆ ತಡವನ್ನೇ ಇನ್ನೊಬ್ಬರಲ್ಲಿ ಕಂಡೆ.

ಪಡುವಣ ಮಗ್ಗುಲನ್ನು ಗುಡಿಸುವುದು ಮಾರಕ್ಕ, ಜಟಂಗಪ್ಪನ ಮೊಮ್ಮಗನ ಹೆಂಡತಿ, ನನಗಿಂತ ಹದಿನೈದು ವರ್ಷ ದೊಡ್ಡವಳು. ಇಪ್ಪತ್ತೆರಡು ವರ್ಷ ಒಂದೇ ಕಟ್ಟೆ ಗುಡಿಸಿಯೂ ನಮ್ಮಿಬ್ಬರ ನಡುವೆ 'ಕಸ ಈ ಕಡೆ ತಳ್ಳಬ್ಯಾಡ' ಅನ್ನುವುದರ ಆಚೆ ಮಾತಿಲ್ಲ. ಗುಡಿಸುವವರು ಮಾತ್ರ ಹಗ್ಗದ ಒಳಗೆ ಹೋಗಬಹುದು. ಅವತ್ತು ಅವಳು ಹಗ್ಗ ಎತ್ತಿ ಒಳಗೆ ಹೋದಳು, ಜಟಂಗಪ್ಪನ ಗುದ್ದಿನ ಜಾಗ ದಾಟಿದಳು, ದಾಟಿ ಒಂದು ಹೆಜ್ಜೆ ಆದ ಮೇಲೆ ಬಗ್ಗಿದಳು.

ಹೆದರಿದವರು ಮೊದಲು ಬಗ್ಗುತ್ತಾರೆ. ಇವಳು ಆಮೇಲೆ ಬಗ್ಗಿದಳು.

ನನ್ನ ಕೈಯ ಪೊರಕೆ ನಿಂತಿತು. ಮಾರಕ್ಕ ತಲೆ ಎತ್ತಿ ನೋಡಿದಳು. ನಾನು ನೋಡಿದ್ದನ್ನು ಅವಳು ನೋಡಿದಳು. ಮುಖ ಬಿಳಿಚಿತು. "ಏನೇ ಹಂಗೆ ನೋಡ್ತೀಯಾ, ಕಣ್ಣು ಕಿತ್ತು ಬೀಳಂಗೆ?" ಅಂತ ಜೋರು ಮಾಡಿದಳು. ಜೋರಿನಲ್ಲಿ ಜೋರಿರಲಿಲ್ಲ.

ನಾನು ಹತ್ತಿರ ಹೋಗಿ, ಹಗ್ಗದೊಳಗೆ ಕೈ ಚಾಚಿದೆ. ನಮ್ಮ ಬೀದಿಯವರು ಯಾರೂ ಹಾಗೆ ಮಾಡಿದ್ದಿಲ್ಲ. ಕೈಗೆ ಬರೀ ಗಾಳಿ ಸಿಕ್ಕಿತು.

"ಎಷ್ಟು ದಿನ ಆತಕ್ಕಾ?"

ಮಾರಕ್ಕ ಹಲಗೆ ಮೇಲೆ ಕುಸಿದು ಕೂತಳು. "ದಿನ ಅಲ್ಲ ಕಣೆ, ಏಳು ವರ್ಷ. ಯಾರ ಹತ್ರ ಹೇಳ್ಲಿ? ಗಂಡನಿಗೆ ಹೇಳಿದ್ರೆ ಎದೆ ಒಡೆದು ಸಾಯ್ತಾನೆ, ತಾತನ ಹೆಸರು ಹೇಳ್ಕಂಡೇ ಬದುಕಿರೋ ಮನುಷ್ಯ ಅದು. ಹೂವ ಹಾಕಿದ್ದೇ ಹಾಕಿದ್ದು, ಬಗ್ಗಿದ್ದೇ ಬಗ್ಗಿದ್ದು. ಸೋಮವಾರ ನಮ್ಮ ಮಾನ ಹೋತು ಬಿಡು. ನೀನಾದ್ರೂ ಗೆದ್ದು ಕುಣಿ."

"ನಾನೆಲ್ಲಿ ಕುಣೀಲಿ ಅಕ್ಕಾ" ಅಂದೆ. ಅಷ್ಟು ಹೊತ್ತಿಗೆ ನನಗೂ ಅಳು ತಡೆಯಲಾಗಲಿಲ್ಲ. "ನಮ್ದೂ ಆರೈತೆ."

ಅವಳು ನನ್ನ ಮುಖ ನೋಡಿದಳು, ಮೂಡಣ ಕಂಬ ನೋಡಿದಳು. ಆಮೇಲೆ, ಆ ಹೆಂಗಸು, ಬಾಯಿಗೆ ಸೆರಗು ಇಟ್ಟುಕೊಂಡು ನಗಲಿಕ್ಕೆ ಶುರು ಮಾಡಿದಳು. "ಅಯ್ಯೋ ನಿನ್ನ! ನಾನು ನಿಮ್ಮಪ್ಪನ ಗುದ್ದಿಗೆ ಹೆದರಿ ಇಷ್ಟು ವರ್ಷ ಆ ಕಡೆ ತಲೆ ಹಾಕಿಲ್ಲ ಕಣೆ!" ನಾನೂ ನಕ್ಕೆ. ನಕ್ಕು ಮುಗಿದ ಮೇಲೆ ಮೊದಲಿಗಿಂತ ಹೆಚ್ಚು ಹೆದರಿಕೆಯಾಯಿತು. ಇನ್ನು ಎರಡೇ ದಿನ ಇತ್ತು.

ಮಧ್ಯಾಹ್ನ ಇಬ್ಬರೂ ಇಮಾಮ್‌ಸಾಬನ ಮನೆಗೆ ಹೋದೆವು. ಪಡುವಲ ಬೀದಿಯ ಸೊಸೆ, ಮೂಡಲ ಬೀದಿಯ ಮಗಳು ಒಟ್ಟಿಗೆ ಬಾಗಿಲಲ್ಲಿ ನಿಂತದ್ದು ಕಂಡು ಅವನ ಕೈಯ ಚಹಾ ಲೋಟ ತುಳುಕಿತು. ಯಾರೋ ಸತ್ತಿದ್ದಾರೆ ಅಂದುಕೊಂಡನಂತೆ. ಮಾರಕ್ಕ ಬಾಗಿಲು ಮುಂದೆ ಮಾಡಿ ಎಲ್ಲ ಹೇಳಿದಳು. ಅವನು ಗಡ್ಡ ಕೆರೆದುಕೊಂಡ.

"ಸುಳ್ಳು ಹೇಳು ಅಂದ್ರೆ ನನ್ನ ಕೈಲಿ ಆಗಲ್ಲಮ್ಮಾ. ದೇವರು ಮೆಚ್ಚಲ್ಲ."

"ಹೇಳು ಅಂತ ಯಾರಂದ್ರು ಇಮಾಮಣ್ಣಾ? ಬೀಳು, ಅಷ್ಟೇ" ಅಂದೆ.

"ಬೀಳಬಹುದು. ಬೀಳೋದು ನಂಗೇನು ಹೊಸದಲ್ಲ. ಆದ್ರೆ ಎಷ್ಟು ದೂರ ಬೀಳ್ಲಿ?"

"ಜಟಂಗಪ್ಪ ಹಿರೀಕ ಅಲ್ವಾ" ಅಂತ ಮಾರಕ್ಕ ಮೆಲ್ಲಗೆ ತೆಗೆದಳು, "ಒಂದು ಮೊಳ ಜಾಸ್ತಿ ಬಿದ್ರೆ ಶೋಭೆ."

ಅರ್ಧ ದಿನದ ಹಿಂದೆ ಒಟ್ಟಿಗೆ ಅತ್ತಿದ್ದೆವು. ನನಗೆ ಉರಿದುಹೋಯಿತು. "ಏಳು ವರ್ಷದ ಹಿಂದೆ ಆರಿದ್ದು ನಿಮ್ದು, ಮೊನ್ನೆ ತನಕ ಇದ್ದಿದ್ದು ನಮ್ದು. ಜಾಸ್ತಿ ಬೀಳೋದಾದ್ರೆ ನಮ್ಮಪ್ಪನಿಗೇ ಬೀಳ್ಬೇಕು" ಅಂದೆ.

"ಗವಸಿನ ಗುದ್ದಿಗೇ?"

"ಹೂಂ, ಗವಸಿಂದೇ! ನಲವತ್ತೊಂದು ಗೆದ್ದಿದ್ದೂ ಅದ್ರಲ್ಲೇ!"

ಇಮಾಮ್‌ಸಾಬ್ ಲೋಟ ನೆಲಕ್ಕೆ ಕುಕ್ಕಿದ. "ಎರಡಕ್ಕೂ ಏಳೇಳು ಮೊಳ. ಒಂದು ಗೇಣು ಆ ಕಡೆ ಇಲ್ಲ, ಈ ಕಡೆ ಇಲ್ಲ. ಬೇಡ ಅಂದ್ರೆ ಹೇಳಿ, ಸೋಮವಾರ ನಂಗೆ ಜ್ವರ." ಇಬ್ಬರೂ ಬಾಯಿ ಮುಚ್ಚಿಕೊಂಡು ಎದ್ದು ಬಂದೆವು.

ಸೋಮವಾರ ಹತ್ತು ಗಂಟೆಗೆ ಕಟ್ಟೆಯ ಸುತ್ತ ಕಾಲಿಡಲು ಜಾಗ ಇರಲಿಲ್ಲ. ಅಪ್ಪನಿಗೆ ಹಳೆಯ ಜುಬ್ಬ ಹಾಕಿ, ಕೈಹಿಡಿದು ತಂದು, ಮುಂದಿನ ಬೆಂಚಿನಲ್ಲಿ ಕೂರಿಸಿದೆ. ಅವನು ಬಂದ ಕೂಡಲೇ ಮೂಡಲ ಬೀದಿ ಕೂಗಿತು. ಪಡುವಲ ಬೀದಿಯವರು ಜಟಂಗಪ್ಪನ ಪಟಕ್ಕೆ ಹಾರ ಹಾಕಿ ಅದಕ್ಕಿಂತ ಜೋರಾಗಿ ಕೂಗಿದರು. ನನ್ನ ಅಂಗೈ ಬೆವರಿ ಅಪ್ಪನ ಕೈ ಜಾರುತ್ತಿತ್ತು. ಮಾರಕ್ಕ ಎದುರು ಸಾಲಿನಲ್ಲಿ ಗಂಡನ ಪಕ್ಕ ಕೂತಿದ್ದಳು. ತುಟಿ ಅಲುಗುತ್ತಿತ್ತು, ಯಾವ ದೇವರನ್ನು ಕರೆಯುತ್ತಿದ್ದಳೋ.

ಇಮಾಮ್‌ಸಾಬ್ ಕಟ್ಟೆ ಹತ್ತಿದ. ಅಷ್ಟರಲ್ಲಿ ಜನರ ನಡುವಿಂದ ಯಾರೋ, "ಮೊದ್ಲು ಒಂದೊಂದು ಕಾಯಿ ಹಿಡಿದು ನೋಡ್ರಿ ಯಜಮಾನ್ರೇ, ಮನುಷ್ಯ ಸತ್ತುಗಿತ್ತಾನು" ಅಂದ. ಯಜಮಾನರಿಗೆ ಅದು ಸರಿ ಕಂಡಿತು. ಹೌದಲ್ಲಾ, ಕಾಯಿ ತರ್ರಪ್ಪಾ ಅಂದರು. ಕಾಯಿಗೆ ಬೀಳು ಅಂತ ಹೇಳಿಕೊಡಲು ಆಗುತ್ತದಾ? ಅಷ್ಟರಲ್ಲಿ ಮಾರಕ್ಕ ಎದ್ದು ನಿಂತು ಸೊಂಟಕ್ಕೆ ಸೆರಗು ಸಿಕ್ಕಿಸಿದಳು.

"ಯಾವನಲೇ ಅವ್ನು ಕಾಯಿ ಅಂದೋನು? ನಮ್ಮ ತಾತನ ಗುದ್ದು ಅಂದ್ರೆ ನಿಮ್ಮನೆ ಹಿತ್ತಲ ಕಲ್ಲು ಅಂದ್ಕಂಡ್ರೇನು? ಎಂಬತ್ತು ವರ್ಷದಿಂದ ಹೂವ ಹಾಕಿ ಕಾದೀವಿ, ಇವತ್ತು ಚಟ್ನಿಗೆ ಕಾಯಿ ಒಡೆಸ್ತಾರಂತೆ! ಹಂಗೇನಾದ್ರೂ ಮಾಡಿದ್ರೆ ಪಂದ್ಯಾನೇ ಬ್ಯಾಡ, ಪಟ ಎತ್ಕಂಡು ಹೋಗ್ತೀವಿ!"

ಪಡುವಲ ಬೀದಿ ಹೋ ಅಂತ ಎದ್ದಿತು. ಯಜಮಾನರು ಎರಡೂ ಕೈ ಎತ್ತಿ, ಆತು ಬಿಡವ್ವಾ ಅಂದರು. ಹೋದ ಜೀವ ಬಂದಂತಾಯಿತು.

ಮೊದಲು ಜಟಂಗಪ್ಪ. ಹಗ್ಗ ಬಿಚ್ಚಿದರು. ಇಮಾಮ್‌ಸಾಬ್ ಹೋಗಿ ನಿಂತು ಕಣ್ಣು ಮುಚ್ಚಿದ. ಅಷ್ಟು ಜನರಲ್ಲಿ ಒಂದು ಕೆಮ್ಮೂ ಇಲ್ಲ. ಅವನು ನಿಂತ, ನಿಂತ, ನಿಂತೇ ಇದ್ದ. ಬಿದ್ದುಬಿಡೋ ಮಾರಾಯ, ಯಾಕೆ ಕಾಯ್ತೀಯಾ ಅಂತ ಮನಸ್ಸಿನಲ್ಲೇ ಕೂಗಿದೆ. ಆಮೇಲೆ ಕೇಳಿದ್ದಕ್ಕೆ, 'ಎಲ್ಲಾದ್ರೂ ಒಂಚೂರು ಉಳಿದಿದ್ರೆ ಅಂತ ಕಾದೆ ಅಕ್ಕಾ, ದೊಡ್ಡೋರ ವಿಷಯ' ಅಂದ. ಕೊನೆಗೆ ತಲೆ ಹಿಂದಕ್ಕೆ ಒಗೆದು, ಹಲಗೆ ನಡುಗುವ ಹಾಗೆ ಉರುಳಿ ಹೋಗಿ ಬಿದ್ದ. ಯಜಮಾನರು ಮೊಳ ಹಾಕಿದರು. ಏಳು.

ಆಮೇಲೆ ಮೂಡಣ ಕಂಬ. ಅಪ್ಪ ನನ್ನ ಕೈ ಬಿಡಿಸಿಕೊಂಡು ಎದ್ದು ನಿಂತ. ನಾನು ಜುಬ್ಬದ ಚುಂಗು ಹಿಡಿದುಕೊಂಡೆ. ಇಮಾಮ್‌ಸಾಬ್ ಈ ಸಲ ಬೇಗ ಬಿದ್ದ. ಮೂಟೆ ಬಿದ್ದ ಹಾಗೆ ಹಿಂದಕ್ಕೆ ಹೋದ. ಯಜಮಾನರು ಮೊಳ ಹಾಕಿದರು, ನಂಬದೆ ಇನ್ನೊಮ್ಮೆ ಹಾಕಿದರು, ಮತ್ತೊಬ್ಬರ ಕೈಯಲ್ಲೂ ಹಾಕಿಸಿದರು. ಏಳು.

"ಸರಿಸಮ!" ಅಂತ ಕೂಗಿದರು. ಜಗಳ ತೀರಿತಾ? ಎಲ್ಲಿ! ಮೊದಲ ಏಟು ತಿಂದು ಮೆತ್ತಗಾದವನು ಎರಡನೆಯದಕ್ಕೆ ಸುಲಭವಾಗಿ ಬಿದ್ದ ಅಂತ ಪಡುವಲದವರು, ಮೊದಲ ಏಟಿಗೆ ಮೈ ಗಟ್ಟಿಯಾಗಿದ್ದರೂ ಅಷ್ಟು ದೂರ ಹೋದ ಅಂತ ನಮ್ಮವರು, ಅಲ್ಲೇ ಶುರು ಮಾಡಿದರು. ಆದರೆ ಯಾವ ಪಟವೂ ಇಳಿಯಲಿಲ್ಲ, ಯಾರ ಬಾಗಿಲಿಗೂ ತಮಟೆ ಬರಲಿಲ್ಲ. ಮುರಿದ ಮದುವೆಯೂ ಕೂಡಿತು. ನನಗೆ ಅಷ್ಟೇ ಬೇಕಾಗಿದ್ದದ್ದು. ಮನೆಗೆ ಬರುವ ದಾರಿಯಲ್ಲಿ ಅಪ್ಪನ ಕೈ ಹಿಡಿದು ಹತ್ತು ದಿನದಲ್ಲಿ ಮೊದಲ ಸಲ ನೆಟ್ಟಗೆ ಉಸಿರಾಡಿದೆ.

ಸಂಜೆ ಅಪ್ಪನ ಮುಂದೆ ಹಾಲುರೊಟ್ಟಿ ಇಟ್ಟೆ. ಮುಟ್ಟಲಿಲ್ಲ.

"ಬೋರೀ. ಎಷ್ಟು ದಿನ ಆತು?"

"ಏನಪ್ಪಾ?"

"ನಂದು ಆರಿ."

ನನ್ನ ಕೈಯ ತುತ್ತು ಬಟ್ಟಲಿಗೆ ಬಿತ್ತು. ಅವನು ನನ್ನನ್ನೇ ನೋಡುತ್ತಿದ್ದ. ಎಷ್ಟೋ ತಿಂಗಳಾಗಿತ್ತು, ಆ ಕಣ್ಣು ಅಷ್ಟು ತಿಳಿಯಾಗಿದ್ದು ಕಂಡು. "ನನ್ನ ಗುದ್ದು ತಿಂದೋನಿಗೆ ಮೊದ್ಲು ಎಡ ಮೊಣಕಾಲು ಕುಸೀತೈತೆ ಕಣವ್ವಾ, ಮೈ ಆಮೇಲೆ ಹೋಗ್ತೈತೆ. ಸುಬೇದಾರನಿಗೂ ಹಂಗೇ ಆಗಿದ್ದು, ಆಮೇಲೆ ತಿಂದ ಹುಡುಗ್ರಿಗೆಲ್ಲಾ ಹಂಗೇ ಆಗಿದ್ದು. ಇಮಾಮ ಸಲೀಸಾಗಿ ಹಿಂದಕ್ಕೆ ಹೋದ. ಪಾಪ, ಒಳ್ಳೇ ಆಳು."

ಇನ್ನು ಮುಚ್ಚಿಡಲು ಏನಿತ್ತು? ಅವನ ಕಾಲು ಹಿಡಿದುಕೊಂಡು ಅತ್ತೆ. ಹತ್ತು ದಿನ ಅಪ್ಪಾ ಅಂದೆ. ಯುಗಾದಿಯ ಹನ್ನೆರಡು ಕಾಯಿ ಹೇಳಿದೆ. ಅವನು ನಡುಗುವ ಕೈಯನ್ನು ನನ್ನ ತಲೆಯ ಮೇಲೆ ಇಟ್ಟ. "ಹೋಳಿಗೆ ನಾನೂ ತಿಂದಿದ್ನಲ್ಲಾ. ಚೆನ್ನಾಗಿತ್ತು. ಬಿಡು. ಅದು ತಿನ್ನೋರಿಗೇ ಇಟ್ಟಿದ್ದು, ತಿಂದ್ರು, ತೀರಿತು."

ಇಷ್ಟಕ್ಕಾ ನಾನು ಹತ್ತು ದಿನ ಸತ್ತದ್ದು ಅನ್ನಿಸಿತು. ಸಮಾಧಾನವಾಗಿ ಕಣ್ಣು ಒರೆಸಿಕೊಂಡೆ. ಆಗ ಅವನ ಮುಖ ನೋಡಿದರೆ, ಗಲ್ಲದ ಮೇಲೆ ನೀರು ಇಳಿಯುತ್ತಿತ್ತು.

"ಜಟಂಗಪ್ಪಂದೂ ಹೋತಲ್ಲೇ ಬೋರೀ" ಅಂದ.

"ನಿನಗ್ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ಅವನ ಗುದ್ದಿಗೆ ಯಾವನೂ ಏಳು ಮೊಳ ಹೋಗಲ್ಲ. ಒಂದು ಗೇಣೂ ಹೋಗಲ್ಲ. ನಿಂತಲ್ಲೇ ಬೀಳ್ತಾನೆ. ಬಿದ್ದಿದ್ದು ಎದ್ದ ಮೇಲೇ ತಿಳಿಯೋದು."

"ಅದರ ಮುಂದೆ ಯಾರೂ ನಿಂತೇ ಇಲ್ವಲ್ಲಪ್ಪಾ. ನಿನಗೆಂಗೆ ಗೊತ್ತು?"

ಅಪ್ಪ ಬಲಗಿವಿ ಮುಟ್ಟಿಕೊಂಡ. "ಇದು ಸುಬೇದಾರ ಕೊಟ್ಟಿದ್ದಲ್ಲ. ಅವನು ಕೊಟ್ಟಿದ್ದು. ಹತ್ತೊಂಬತ್ತು ವರ್ಷ ನಂಗೆ. ಊರು ಉಂಡು ಮಲಗಿರೋ ಮಧ್ಯಾಹ್ನ ಹಗ್ಗದೊಳಗೆ ನುಗ್ಗಿ ನಿಂತೆ. ಎದ್ದಾಗ ಹೊತ್ತು ಇಳಿದಿತ್ತು. ದೊಡ್ಡ ಆಟ ಇದ್ದಾಗೆಲ್ಲಾ ಹೋಗಿ ನಿಂತೆ, ಈ ಸಲ ತಪ್ಪಿಸ್ಕಂತೀನಿ, ಈ ಸಲ ತಡೀತೀನಿ ಅಂತ. ಹನ್ನೊಂದು ಸರ್ತಿ ಹೊಡೆದಾಡೀವಿ ನಾವಿಬ್ರು. ಹನ್ನೊಂದು ಸರ್ತೀನೂ ಅವನೇ ಗೆದ್ದ."

ನಲವತ್ತೊಂದು ಆಟದಲ್ಲಿ ಒಂದೂ ಸೋಲದ ನಮ್ಮಪ್ಪ, ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತ. "ಸುಬೇದಾರಂಗೆ ನಾ ಯಾಕೆ ಹೆದರ್ಲಿ? ಅವನ ಎಡಗೈ ತಿಂದೋನು ನಾನು. ಒಂದ್ಸಲ ಆದ್ರೂ ಗೆಲ್ಬೇಕು ಅಂತಿತ್ತು ಕಣವ್ವಾ. ಕೈ ನಡುಗ್ತೈತಲ್ಲ, ವಾಸಿ ಆಗ್ಲಿ, ಹೋಗೋಣ ಅಂತಿದ್ದೆ. ಇನ್ನ ನಾನು ಯಾರ ಹತ್ರ ಹೋಗ್ಲಿ?"

ಅವನ ಎರಡೂ ಮುಷ್ಟಿ ನನ್ನ ಕೈಯೊಳಗೆ ಇಟ್ಟುಕೊಂಡು ಕೂತೆ. ಅಳು ಇಳಿದ ಮೇಲೆ ಒಂದು ತುತ್ತು ತಿಂದ. ಮಲಗಿಸಿ ಕಂಬಳಿ ಹೊದಿಸುವಾಗ ಮೆಲ್ಲಗೆ ಹೇಳಿದ:

"ನಾಳೆ ಗುಡಿಸೋಕೆ ಹೋದಾಗ ಅವನ ಹತ್ರ ಬಗ್ಗು. ನನ್ನ ಹತ್ರ ಬಗ್ಗದಿದ್ರೂ ನಡೀತೈತೆ."

ಬೆಳಿಗ್ಗೆ ಮಾರಕ್ಕ ಮತ್ತೆ ಕಟ್ಟಿದ್ದ ಹಗ್ಗವನ್ನು ಎತ್ತಿ ಹಿಡಿದು ನಿಂತಿದ್ದಳು. ನಾನು ಒಳಗೆ ಹೋಗಿ, ಆ ಜಾಗ ಬರುವುದಕ್ಕೆ ಎರಡು ಹೆಜ್ಜೆ ಮೊದಲೇ ಬಗ್ಗಿದೆ.